ಹಳೆಯ ಗಾಡಿಯ ಒಗಟುಗಳು

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ದಬ್ಬೇಘಟ್ಟ ಹೋಬಳಿಯು ಅಪ್ಪಟ ತೆಂಗಿನ ಸೀಮೆ. ಈ ನೆಲದಲ್ಲಿ ಕೊಬ್ಬರಿಯೇ ಮನೆತನಗಳ ಬದುಕಿನ ಆಧಾರ. ಇಲ್ಲಿಯ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ವಿಶೇಷವಾದ ಸ್ಥಾನವುಂಟು. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ತುಂಬಿ ಹತ್ತು ಹನ್ನೆರಡು ತಿಂಗಳ ಕಾಲ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಗಟ್ಟಿಯಾಗಿ, ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅದು ಸಿದ್ಧವಾಯಿತೆ ಇಲ್ಲವೆ ಎಂಬುದನ್ನು ತಿಳಿಯಲು ರೈತನು ಕಾಯಿಯನ್ನು ಒಡೆಯುವುದಿಲ್ಲ. ಕೈಗೆತ್ತಿಕೊಂಡು ಕಿವಿಯ ಬಳಿ ಅಲುಗಿಸುತ್ತಾನೆ. ನೀರಿನ ಸದ್ದು ಕೇಳಿಸಿದರೆ ಇನ್ನೂ ಕಾಲ ಬಂದಿಲ್ಲ. ಉಂಡೆಯು ಗಡಗಡ ಎಂದರೆ ಕಾಲ ಬಂದಿದೆ. ಕಾಣದ ಒಳಗನ್ನು ಕಾಣುವ ಗುರುತಿನಿಂದ ತಿಳಿಯುವ ಈ ವಿದ್ಯೆಯನ್ನು ಅಲ್ಲಿಯ ಮಕ್ಕಳು ಯಾವ ಶಾಲೆಯಲ್ಲಿಯೂ ಕಲಿಯುವುದಿಲ್ಲ. ಹಿರಿಯರ ಕೈ ನೋಡಿ ಕಲಿಯುತ್ತಾರೆ.

ಇದೇ ವಿದ್ಯೆಯನ್ನು ಮತ್ತೊಂದು ಕಡೆಯೂ ಬಳಸಬೇಕಾಗಿ ಬರುತ್ತದೆ. ಹಳೆಯ ಮನೆಗಳ ಹಿತ್ತಿಲಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಮರದ ಚಕ್ರದ ಎತ್ತಿನ ಗಾಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳನ್ನು ಹೂಡುವ ಎತ್ತುಗಳಿಲ್ಲ, ಹೊಡೆಯುವ ಆಳುಗಳಿಲ್ಲ. ಗಾಡಿಯ ಜೊತೆಗೆ ಕುಕ್ಕೆಯಲ್ಲಿ ತುಂಬಿಟ್ಟ ಕಬ್ಬಿಣದ ಚೂರುಗಳು, ಮರದ ತುಂಡುಗಳು, ಬಿದಿರಿನ ಕೊಳವೆಗಳು ಕಾಣಸಿಗುತ್ತವೆ. ಅವು ಏನು? ಎಲ್ಲಿಗೆ ಸೇರಿದವು? ಏತಕ್ಕೆ ಬೇಕಾಗಿದ್ದವು? ಉತ್ತರ ಹೇಳುವವರು ಮನೆಯಲ್ಲಿದ್ದರೆ ಅದು ಒಂದು ಕ್ಷಣದ ಮಾತು. ಇಲ್ಲವಾದರೆ ಅದು ಒಗಟು. ಒಗಟನ್ನು ಬಿಡಿಸುವ ತಾಳ್ಮೆ ಇಲ್ಲದ ಮನೆಯಲ್ಲಿ ಅದು ಒಲೆಯ ಸೌದೆ.

ಅಂತಹದೊಂದು ಮನೆಯನ್ನು ನಮ್ಮ ಕಣ್ಣ ಮುಂದೆ ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನನು ಕಾಯಿ ತುಂಬಲು ಹೊಸ ಕೊಠಡಿಯೊಂದನ್ನು ಕಟ್ಟಿಸಬೇಕೆಂದಿದ್ದಾನೆ. ಹಿತ್ತಿಲಿನಲ್ಲಿ ನಿಂತಿರುವ ತಂದೆಯ ಕಾಲದ ಕಮಾನು ಗಾಡಿ ಅದಕ್ಕೆ ಅಡ್ಡಿಯಾಗಿದೆ. ಗಾಡಿಯನ್ನು ಹೊಡೆದು ಆಡಿಸಿದ ತಂದೆ ತೀರಿಕೊಂಡು ಬಹಳ ವರ್ಷಗಳಾದವು. ಸೌದೆಯ ವ್ಯಾಪಾರಿಯು ಭಾನುವಾರ ಬರುವುದಾಗಿ ಹೇಳಿ ಹೋಗಿದ್ದಾನೆ. ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಅಟ್ಟದಿಂದ ಕಾಯಿ ಇಳಿಸುವಾಗ ಮೂಲೆಯಲ್ಲಿದ್ದ ಕುಕ್ಕೆಯೊಂದನ್ನು ಕಂಡು ಕೆಳಕ್ಕೆ ತಂದಳು. ಅದರಲ್ಲಿ ಆರು ವಸ್ತುಗಳಿದ್ದವು: ಒಂದು ಬಿದಿರಿನ ಕೊಳವೆ, ಗೇಣುದ್ದದ ಕಬ್ಬಿಣದ ಗೂಟ, ಒಂದು ಮಗ್ಗುಲು ಬಾಗಿದ ಮರದ ದಿಮ್ಮಿ, ಕವಲುಳ್ಳ ಮೋಟು ಕೋಲು, ಒಂದು ಕಬ್ಬಿಣದ ಬಳೆ ಮತ್ತು ಮೂರು ತೂತುಗಳಿರುವ ಹಲಗೆಯ ತುಂಡು.

"ಇವೆಲ್ಲ ಏನಪ್ಪಾ?" ಎಂದು ಆಕೆ ಕೇಳಿದಳು.

"ಗಾಡಿಯ ಹಳೆಯ ಸಾಮಾನು. ಭಾನುವಾರ ಅದರ ಜೊತೆಗೇ ಹಾಕಿ ಕಳಿಸಿದರಾಯಿತು" ಎಂದನು ತಂದೆ.

ಆಕೆಗೆ ಸಮಾಧಾನವಾಗಲಿಲ್ಲ. ಭಾನುವಾರಕ್ಕೆ ಇನ್ನೂ ನಾಲ್ಕು ದಿನಗಳಿದ್ದವು.

ಒಗಟನ್ನು ಬಿಡಿಸುವ ಮುನ್ನ ಕಮಾನು ಗಾಡಿ ಎಂದರೇನು ಎಂಬುದನ್ನು ತಿಳಿಯಬೇಕು. ಗೊಬ್ಬರ ಹೊರುವ, ಕಾಯಿ ಸಾಗಿಸುವ ಗಾಡಿಗೇ ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ತಟ್ಟಿಯನ್ನೋ ಚಾಪೆಯನ್ನೋ ಹೊದಿಸಿದರೆ ಅದು ಸವಾರಿಯ ಗಾಡಿಯಾಗುತ್ತಿತ್ತು. ಎಡೆಯೂರು ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆಗೆ, ತವರಿಗೆ, ಮದುವೆಗೆ ಮನೆಮಂದಿಯೆಲ್ಲ ಅದರಲ್ಲಿಯೇ ಹೊರಡುತ್ತಿದ್ದರು. ಹುಲ್ಲು ಹಾಸಿ ಅದರ ಮೇಲೆ ಜಮಖಾನೆ ಹಾಸಿದರೆ ಅದೇ ಹಾಸಿಗೆ. ಬುತ್ತಿ, ನೀರಿನ ಬಿಂದಿಗೆ, ಎತ್ತುಗಳ ಮೇವು, ದೀಪ, ಹಗ್ಗ ಎಲ್ಲವೂ ಅದರಲ್ಲಿಯೇ. ಇಳಿದ ಕಡೆ ಮೂರು ಕಲ್ಲಿಟ್ಟು ಒಲೆ ಹೂಡಿದರೆ ಅಡುಗೆಮನೆಯೂ ಸಿದ್ಧ. ಹೀಗೆ ಅದು ಚಲಿಸುವ ಮನೆ.

ಚಲಿಸುವ ಮನೆಯ ಆಸೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಾಮಾನ್ಯವಾದುದು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮೈಸೂರು ಮಹಾರಾಣಿಯವರ ಪ್ರಯಾಣಕ್ಕಾಗಿ ಸಿದ್ಧಪಡಿಸಿದ್ದ ರೈಲುಗಾಡಿಯೊಂದಿದೆ. ಅದು 1899ರ ಕಾಲದ್ದು. ಅಡುಗೆಯ ಮನೆ, ಊಟದ ಸ್ಥಳ, ಶೌಚಗೃಹಗಳು ಅದರಲ್ಲಿಯೇ ಇವೆ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯು 1950ರಲ್ಲಿ ಡಬ್ಬಿಯ ಆಕಾರದ ಮೋಟಾರು ವ್ಯಾನೊಂದನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪೆನಿಯು ಅದರೊಳಗೆ ಮಲಗುವ, ಅಡುಗೆ ಮಾಡುವ ಅನುಕೂಲಗಳನ್ನು ಜೋಡಿಸಿಕೊಡಲಾರಂಭಿಸಿತು. ಅಂತಹ ವಾಹನವನ್ನು ಪಶ್ಚಿಮ ದೇಶಗಳಲ್ಲಿ ಕ್ಯಾಂಪರ್ ವ್ಯಾನ್ ಎಂದು ಕರೆಯುತ್ತಾರೆ. ಕಮಾನು ಗಾಡಿಯನ್ನು ಎಳೆಯುವುದು ಎತ್ತು, ವ್ಯಾನನ್ನು ಓಡಿಸುವುದು ಯಂತ್ರ. ಮನೆಯನ್ನು ಜೊತೆಗೆ ಕೊಂಡೊಯ್ಯುವ ಆಲೋಚನೆ ಮಾತ್ರ ಒಂದೇ.

ಈ ಬಗೆಯ ವಾಹನಗಳಿಗೆಲ್ಲ ಒಂದು ಸಮಾನ ಲಕ್ಷಣವುಂಟು. ಅಲ್ಲಿ ಜಾಗ ಕಡಮೆ, ಕುಲುಕಾಟ ಹೆಚ್ಚು. ಆದುದರಿಂದ ಕೆಲಸವಿಲ್ಲದ ವಸ್ತುವನ್ನು ಯಾರೂ ಇರಿಸಿಕೊಳ್ಳುವುದಿಲ್ಲ. ಅಲ್ಲಿ ಕೊಕ್ಕೆಯೊಂದಿದ್ದರೆ ಅದಕ್ಕೆ ಏನೋ ತೂಗುತ್ತಿತ್ತು. ತೂತೊಂದಿದ್ದರೆ ಅದರಲ್ಲಿ ಏನೋ ನಿಲ್ಲುತ್ತಿತ್ತು ಅಥವಾ ಅದರ ಮೂಲಕ ಏನೋ ಹೊರಹೋಗುತ್ತಿತ್ತು. ಹಳೆಯ ಕ್ಯಾಂಪರ್ ವ್ಯಾನೊಂದನ್ನು ಕೊಂಡವನು ನೆಲದ ನಡುವೆ ಲೋಹದ ಬಟ್ಟಲಿನಂತಹ ಗುಂಡನೆಯ ಕುಳಿಯನ್ನು ಕಂಡು ಬೆರಗಾಗುತ್ತಾನೆ. ಅದು ಒಂಟಿ ಕಾಲಿನ ಮೇಜನ್ನು ನಿಲ್ಲಿಸುವ ಕುಳಿ. ಮೇಜು ಎಂದೋ ಕಳೆದುಹೋಗಿದೆ. ಕುಳಿ ಮಾತ್ರ ಉಳಿದಿದೆ. ಇಡಿಯು ಹೋಗಿ ಬಿಡಿಯು ಉಳಿದಾಗಲೇ ಒಗಟು ಹುಟ್ಟುತ್ತದೆ.

ಹುಡುಗಿಯು ಮೊದಲು ಎತ್ತಿಕೊಂಡದ್ದು ಬಿದಿರಿನ ಕೊಳವೆಯನ್ನು. ಅದರ ಒಂದು ತುದಿಯಲ್ಲಿ ಗೆಣ್ಣು ಮುಚ್ಚಿಕೊಂಡಿತ್ತು. ಇನ್ನೊಂದು ತುದಿ ತೆರೆದಿತ್ತು. ದನಗಳಿಗೆ ಔಷಧ ಕುಡಿಸುವ ಗೊಟ್ಟವನ್ನು ಆಕೆ ಕಂಡಿದ್ದಳು. ಇದೂ ಅದೇ ಇರಬೇಕೆಂದುಕೊಂಡಳು. ಆದರೆ ಗೊಟ್ಟದ ಬಾಯನ್ನು ದನದ ಬಾಯಿಗೆ ಸಲೀಸಾಗುವಂತೆ ಓರೆಯಾಗಿ ಕತ್ತರಿಸಿ ನುಣುಪು ಮಾಡಿರುತ್ತಾರೆ. ಇದರ ಬಾಯಿ ನೆಟ್ಟಗೆ ಕತ್ತರಿಸಿದ್ದು. ಮೇಲಾಗಿ ಒಳಭಾಗವೆಲ್ಲ ಕಪ್ಪಾಗಿ ಅಂಟಾಗಿತ್ತು. ಮೂಸಿದರೆ ಹರಳೆಣ್ಣೆಯ ಕಮಟು ವಾಸನೆ ಇನ್ನೂ ಇತ್ತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಚಕ್ರವು ಅಚ್ಚಿನ ಮೇಲೆ ಸುಗಮವಾಗಿ ತಿರುಗಲು ಅದು ಬೇಕು. ಕೀಲೆಣ್ಣೆ ಆರಿದ ಗಾಡಿ ಕಿರುಗುಟ್ಟುತ್ತದೆ, ಎತ್ತು ಬಳಲುತ್ತದೆ. ಆದಕಾರಣ ಕೀಲೆಣ್ಣೆಯ ಕೊಳವೆಯು ಗಾಡಿಯ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತಿತ್ತು. ವಸ್ತುವಿನ ಆಕಾರ ನೋಡಿ ಕೂಡಲೆ ತೀರ್ಮಾನಕ್ಕೆ ಬರಬಾರದು. ಅದರಲ್ಲಿ ಅಂಟಿ ಉಳಿದುದನ್ನೂ ನೋಡಬೇಕು. ಇದು ಆಕೆ ಕಲಿತ ಮೊದಲ ಪಾಠ.

ಎರಡನೆಯದು ಬಾಗಿದ ಮಗ್ಗುಲಿನ ಮರದ ದಿಮ್ಮಿ. ಬಡಗಿಯು ಬೇಕೆಂದೇ ಬಾಗಿಸಿ ಕೆತ್ತಿದ್ದನೆ ಎಂದು ಆಕೆ ಬೆರಳಾಡಿಸಿ ನೋಡಿದಳು. ಉಳಿಯ ಗುರುತು ಇರಲಿಲ್ಲ. ತೇಯ್ದು ತೇಯ್ದು ನುಣುಪಾದ ಮೈ. ಅದರ ಮೇಲೆ ಕಪ್ಪಗೆ ಹೊಳೆಯುವ ಗೆರೆಗಳು. ಮರಕ್ಕೆ ಅಂತಹ ಹೊಳಪು ಬರುವುದು ಕಬ್ಬಿಣದ ಉಜ್ಜಾಟದಿಂದ. ಆಕೆ ದಿಮ್ಮಿಯನ್ನು ಹಿತ್ತಿಲಿಗೆ ಒಯ್ದು ಚಕ್ರದ ಹಳಿಗೆ ಒತ್ತಿ ಹಿಡಿದಳು. ದಿಮ್ಮಿಯ ಬಾಗು ಚಕ್ರದ ಬಾಗಿಗೆ ಎಳ್ಳಷ್ಟೂ ತಪ್ಪದೆ ಕೂತಿತು. ಇಳಿಜಾರಿನಲ್ಲಿ ಗಾಡಿಯು ಎತ್ತುಗಳ ಮೇಲೆ ನುಗ್ಗದಂತೆ ತಡೆಯುವ ಬಿರಿಯ ಮರ ಅದು. ಹಗ್ಗ ಬಿಗಿದು ಅದನ್ನು ಹಳಿಗೆ ಒತ್ತುವಂತೆ ಮಾಡುತ್ತಿದ್ದರು. ಎಷ್ಟು ಇಳಿಜಾರುಗಳನ್ನು ಇಳಿದಾಗ ಮರ ಅಷ್ಟು ತೇಯ್ದಿರಬೇಕು! ಸವೆತವೆಂಬುದು ವಸ್ತುವೇ ಬರೆದಿಟ್ಟ ದಿನಚರಿ. ಓದಬಲ್ಲವನಿಗೆ ಅದು ಎಲ್ಲವನ್ನೂ ಹೇಳುತ್ತದೆ.

ಕವಲುಗೋಲಿನ ಸಂಗತಿಯೂ ಹೀಗೆಯೇ. ಅದರ ಕವಲು ನಯವಾಗಿ ಹೊಳೆಯುತ್ತಿತ್ತು. ಬುಡ ಒರಟಾಗಿ ಸೀಳಿ ಮಣ್ಣು ಹಿಡಿದಿತ್ತು. ಎಂದಮೇಲೆ ಬುಡ ನೆಲದ ಮೇಲೆ ಊರುತ್ತಿತ್ತು, ಕವಲು ಏನನ್ನೋ ಹೊರುತ್ತಿತ್ತು. ಎತ್ತು ಬಿಚ್ಚಿದಾಗ ಗಾಡಿಯು ಮುಂದಕ್ಕೆ ಬಾಗಿ ಮೂಕಿಯು ನೆಲಕ್ಕೆ ತಾಗುತ್ತದೆ. ಒಳಗೆ ಮಲಗಿದವರು ಜಾರಿ ಬೀಳದಂತೆ ಗಾಡಿಯ ಹಾಸು ಸಮನಾಗಿ ನಿಲ್ಲಬೇಕಾದರೆ ಮೂಕಿಯ ಕೆಳಗೆ ಒಂದು ಆಸರೆ ಬೇಕು. ಆ ಆಸರೆಯೇ ಈ ಕೋಲು. ಆಕೆ ಅದನ್ನು ಮೂಕಿಯ ಕೆಳಗಿಟ್ಟು ನೋಡಿದಳು. ವರ್ಷಗಳಿಂದ ಮುಗ್ಗರಿಸಿ ನಿಂತಿದ್ದ ಗಾಡಿ ತಲೆಯೆತ್ತಿ ನಿಂತಿತು.

ಇನ್ನು ಕಬ್ಬಿಣದ ಗೂಟ. ಗಾಡಿಯ ಬಲ ಚಕ್ರದ ಹೊರಗೆ, ಅಚ್ಚಿನ ತುದಿಯಲ್ಲಿ ಅಂತಹುದೇ ಗೂಟವೊಂದು ಇತ್ತು. ಎಡಗಡೆ ಅದರ ಬದಲು ದಪ್ಪನೆಯ ತಂತಿಯನ್ನು ಸುತ್ತಲಾಗಿತ್ತು. ಜೊತೆಯಲ್ಲಿರಬೇಕಾದ ಎರಡರಲ್ಲಿ ಒಂದನ್ನು ಕಂಡರೆ ಇನ್ನೊಂದರ ಸ್ಥಾನ ತಾನೇ ತಿಳಿಯುತ್ತದೆ. ಅದು ಕಡಾಣಿ. ಗ್ರಂಥಗಳಲ್ಲಿ ಅದನ್ನೇ ಕಡೆಗೀಲು ಎನ್ನುತ್ತಾರೆ. ಅಚ್ಚಿನಿಂದ ಚಕ್ರವು ಕಳಚಿ ಹೋಗದಂತೆ ಹಿಡಿದಿಡುವುದು ಆ ಗೇಣುದ್ದದ ಕಬ್ಬಿಣ. ಕ್ವಿಂಟಾಲುಗಟ್ಟಲೆ ಕೊಬ್ಬರಿ ಹೊತ್ತ ಗಾಡಿಯಾಗಲಿ, ಮಕ್ಕಳು ಮರಿ ತುಂಬಿದ ಗಾಡಿಯಾಗಲಿ, ಅದರ ಭದ್ರತೆ ನಿಂತಿರುವುದು ಈ ಸಣ್ಣ ವಸ್ತುವಿನ ಮೇಲೆ.

ಆದರೆ ಇಲ್ಲಿ ಆಕೆಗೆ ಒಂದು ಸಂದೇಹ ಬಂತು. ಕಡಾಣಿಗೂ ಚಕ್ರದ ಗುಂಬಕ್ಕೂ ನಡುವೆ ಬೆರಳಿನಷ್ಟು ಸಂದು ಇತ್ತು. ಚಕ್ರ ಹಿಡಿದು ಎಳೆದರೆ ಅಚ್ಚಿನ ಮೇಲೆ ಅತ್ತಿತ್ತ ಸರಿಯುತ್ತಿತ್ತು. ಗಾಡಿ ಹಳೆಯದಾಗಿ ಸಡಿಲವಾಗಿದೆ, ಮರದ ಚಕ್ಕೆಯೊಂದನ್ನು ಹೊಡೆದು ಬಿಗಿ ಮಾಡಬೇಕು ಎಂದುಕೊಂಡಳು. ಊರಿನ ವಯಸ್ಸಾದ ಬಡಗಿಯೊಬ್ಬರು ಆ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದರು.

"ಆಚಾರ್ರೇ, ಈ ಸಂದಿಗೆ ಒಂದು ಚಕ್ಕೆ ಹೊಡೆದುಕೊಡುತ್ತೀರಾ?" ಎಂದು ಆಕೆ ಕೇಳಿದಳು.

ಆಚಾರ್ರು ನಕ್ಕರು. "ಬೇಡ ತಾಯಿ, ಬೇಡ. ಅದು ಸಡಿಲ ಅಲ್ಲ, ಉಸಿರು. ಅಷ್ಟು ಸಂದು ಬಿಟ್ಟೇ ಮಾಡೋದು. ಹಳ್ಳದಲ್ಲಿ, ದಿಣ್ಣೆಯಲ್ಲಿ ಗಾಡಿ ವಾಲಿದಾಗ ಗಾಲಿ ಒಂದಿಷ್ಟು ಆಡಬೇಕು. ಬಿಗಿದರೆ ಗುಂಬ ಉಜ್ಜಿ ಕಾವೇರುತ್ತದೆ, ಎತ್ತಿನ ಕತ್ತು ಬೀಳುತ್ತದೆ" ಎಂದರು.

ಈ ಮಾತಿನಲ್ಲಿ ಇಡಿಯ ವಿಷಯದ ಸಾರವಿದೆ. ಹಳೆಯ ವಸ್ತುವಿನಲ್ಲಿ ಕಾಣುವ ಸಂದು, ತೂತು, ಸಡಿಲಗಳೆಲ್ಲ ದೋಷಗಳಲ್ಲ. ತಿಳಿಯದವನ ಕಣ್ಣಿಗೆ ದೋಷವಾಗಿ ಕಾಣುವುದು ತಿಳಿದವನು ಬೇಕೆಂದೇ ಇಟ್ಟ ಗುಣವಾಗಿರಬಹುದು. ಗಾಡಿಯಲ್ಲಿ ಈ ತಪ್ಪು ಎತ್ತಿಗೆ ನೋವು ತರುತ್ತದೆ. ಮೋಟಾರು ವಾಹನದಲ್ಲಿ ಅದು ಮನುಷ್ಯನ ಪ್ರಾಣಕ್ಕೇ ಎರವಾಗಬಹುದು. ಹಳೆಯ ಕ್ಯಾಂಪರ್ ವ್ಯಾನುಗಳಲ್ಲಿ ಅಡುಗೆಯ ಅನಿಲದ ಸಿಲಿಂಡರನ್ನು ಇಡುವ ಗೂಡಿನ ತಳದಲ್ಲಿ ತೂತೊಂದು ಇರುತ್ತದೆ. ಕೆಳಗೆ ನೋಡಿದರೆ ರಸ್ತೆಯೇ ಕಾಣುತ್ತದೆ. ಧೂಳು, ಚಳಿಗಾಳಿ ಅದರ ಮೂಲಕ ಒಳಬರುತ್ತವೆ. ಹೊಸದಾಗಿ ವಾಹನ ಕೊಂಡವನು ಇದು ತುಕ್ಕು ತಿಂದ ತೂತೆಂದು ಭಾವಿಸಿ ಮುಚ್ಚಿಬಿಡುವ ಸಂಭವವುಂಟು. ಆದರೆ ನಮ್ಮ ಮನೆಗಳಲ್ಲಿಯೂ ಬಳಸುವ ಅಡುಗೆಯ ಅನಿಲವು ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರವಾದುದು. ಸೋರಿದರೆ ಅದು ಹೊಗೆಯಂತೆ ಮೇಲೇರುವುದಿಲ್ಲ. ನೀರಿನಂತೆ ತಗ್ಗಿಗಿಳಿದು ನಿಲ್ಲುತ್ತದೆ. ಹಾಗೆ ಸೋರಿದ ಅನಿಲ ವಾಹನದ ಒಳಗೆ ಸೇರದೆ ನೆಲದ ಕೆಳಗೆ ಹರಿದು ಹೋಗಲೆಂದೇ ಆ ತೂತು. ಅದನ್ನು ಮುಚ್ಚಿದರೆ ಅನಿಲವು ಒಳಗೆ ತುಂಬಿಕೊಂಡು, ಒಂದು ಕಿಡಿ ತಾಗಿದರೂ ಸಿಡಿಯುತ್ತದೆ. ಒಂದು ಬಿಲ್ಲೆಯಷ್ಟು ತಗಡಿನಿಂದ ಒಂದು ಕುಟುಂಬವೇ ನಾಶವಾಗಬಹುದು. ಏತಕ್ಕೆಂದು ತಿಳಿಯುವವರೆಗೆ ಯಾವ ತೂತನ್ನೂ ಮುಚ್ಚಬಾರದು. ಯಾವ ಕೀಲನ್ನೂ ಕೀಳಬಾರದು. ಹಳೆಯದರೊಡನೆ ವ್ಯವಹರಿಸುವ ಎಲ್ಲರೂ ನೆನಪಿಡಬೇಕಾದ ನಿಯಮವಿದು.

ಬಿಡಿಭಾಗಗಳಿಂದ ಇಡಿಯನ್ನು ಊಹಿಸುವ ಈ ಕೆಲಸವನ್ನು ವಿದ್ವಾಂಸರೂ ಮಾಡುತ್ತಾರೆ. ಅದರಲ್ಲಿ ತಲೆಮಾರುಗಳ ಕಾಲ ಶ್ರಮಿಸಿದ ಉದಾಹರಣೆಗಳುಂಟು. 1900ರಲ್ಲಿ ಗ್ರೀಸ್ ದೇಶದ ಆಂಟಿಕಿಥೆರಾ ಎಂಬ ದ್ವೀಪದ ಬಳಿ, ಸ್ಪಂಜು ಹೆಕ್ಕಲು ಸಮುದ್ರಕ್ಕಿಳಿದ ಮುಳುಗುಗಾರರು ಪುರಾತನ ಹಡಗೊಂದರ ಅವಶೇಷವನ್ನು ಕಂಡರು. ಮೇಲೆತ್ತಿದ ವಸ್ತುಗಳಲ್ಲಿ ಕಿಲುಬು ಹಿಡಿದ ಕಂಚಿನ ಮುದ್ದೆಯೊಂದಿತ್ತು. ಸುಂದರವಾದ ಶಿಲ್ಪಗಳ ನಡುವೆ ಅದನ್ನು ಯಾರೂ ಗಮನಿಸಲಿಲ್ಲ. 1902ರಲ್ಲಿ ವಲೇರಿಯೋಸ್ ಸ್ತಾಯಿಸ್ ಎಂಬ ಪುರಾತತ್ತ್ವಜ್ಞರು ಅದರೊಳಗೆ ಹಲ್ಲುಚಕ್ರವಿರುವುದನ್ನು ಕಂಡುಹಿಡಿದರು. ಎರಡು ಸಾವಿರ ವರ್ಷಗಳ ಹಿಂದೆ ಅಂತಹ ಯಂತ್ರವೆ? ಹಲವರು ನಂಬಲಿಲ್ಲ. ಡೆರೆಕ್ ಪ್ರೈಸ್ ಎಂಬ ವಿದ್ವಾಂಸರು ವರ್ಷಾನುಗಟ್ಟಲೆ ಅದರ ಬೆನ್ನು ಹತ್ತಿ, ಕ್ಷಕಿರಣ ಚಿತ್ರಗಳ ನೆರವಿನಿಂದ ಹಲ್ಲುಗಳನ್ನು ಎಣಿಸಿ, 1974ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. 2005ರಲ್ಲಿ ಇನ್ನೂ ಸೂಕ್ಷ್ಮವಾದ ಕ್ಷಕಿರಣ ಉಪಕರಣಗಳಿಂದ ಅದರ ಒಳಗನ್ನು ಪದರಪದರವಾಗಿ ನೋಡಲಾಯಿತು. ಈಗ ಅದರ 82 ಚೂರುಗಳೂ ಅವುಗಳಲ್ಲಿ 30 ಹಲ್ಲುಚಕ್ರಗಳೂ ಉಳಿದಿವೆ. ಒಂದು ದೊಡ್ಡ ಚಕ್ರದಲ್ಲಿ 223 ಹಲ್ಲುಗಳಿದ್ದುವೆಂದು 2006ರಲ್ಲಿ ತೋರಿಸಲಾಯಿತು. 223 ಚಾಂದ್ರಮಾಸಗಳಿಗೊಮ್ಮೆ, ಎಂದರೆ ಸುಮಾರು 18 ವರ್ಷ 11 ದಿನಗಳಿಗೊಮ್ಮೆ, ಗ್ರಹಣಗಳು ಅದೇ ಕ್ರಮದಲ್ಲಿ ಮರುಕಳಿಸುತ್ತವೆ ಎಂಬುದು ಪ್ರಾಚೀನರಿಗೆ ತಿಳಿದಿತ್ತು. ಆ ಒಂದು ಸಂಖ್ಯೆಯಿಂದ ಚಕ್ರದ ಕೆಲಸವೇನೆಂಬುದು ಹೊರಬಿತ್ತು: ಅದು ಗ್ರಹಣಗಳನ್ನು ಮುಂದಾಗಿ ತಿಳಿಸುವ ಯಂತ್ರದ ಭಾಗ. ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವ ಆ ಯಂತ್ರದ ಕೆಲವು ಚೂರುಗಳ ಸ್ಥಾನವನ್ನು ಕುರಿತು ಇಂದಿಗೂ ಚರ್ಚೆ ನಡೆಯುತ್ತಿದೆ.

ಆ ವಿದ್ವಾಂಸರಿಗೆ ಒಂದು ಕೊರತೆಯಿತ್ತು. ಆ ಯಂತ್ರವನ್ನು ತಿರುಗಿಸಿದ ಯಾರೊಬ್ಬರೂ ಬದುಕಿರಲಿಲ್ಲ, ಕೇಳಿ ತಿಳಿಯುವಂತಿರಲಿಲ್ಲ. ದಬ್ಬೇಘಟ್ಟದ ಸೀಮೆಯ ಹುಡುಗಿಗೆ ಆ ಕೊರತೆ ಇರಲಿಲ್ಲ. ಗಾಡಿಯಲ್ಲಿ ಕೂತು ಜಾತ್ರೆಗೆ ಹೋಗಿಬಂದ ಅಜ್ಜಿ ಜಗುಲಿಯ ಮೇಲೆಯೇ ಇದ್ದರು. ಆದರೆ ಗಾಡಿಯ ವಿಷಯವನ್ನು ಅಜ್ಜಿಯ ಬಳಿ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗಾಡಿ ಗಂಡಸರ ಸಂಗತಿಯೆಂಬುದು ಎಲ್ಲರ ಎಣಿಕೆ.

ಉಳಿದದ್ದು ಕಬ್ಬಿಣದ ಬಳೆ. ಅದರ ಜೊತೆಯ ಇನ್ನೊಂದು ಬಳೆ ಕಮಾನಿನ ಮುಂಭಾಗದಲ್ಲಿ, ನೆತ್ತಿಯ ಮರಕ್ಕೆ ಜಡಿದಂತೆ ಇತ್ತು. ಹಿಂಭಾಗದಲ್ಲಿ ಅದಕ್ಕೆ ಸರಿಯಾಗಿ ಒಂದು ಬರಿಯ ತೂತು ಇತ್ತು. ಆದುದರಿಂದ ಬಳೆಯ ಸ್ಥಾನ ತಿಳಿಯಿತು, ಕೆಲಸ ತಿಳಿಯಲಿಲ್ಲ. "ಲಾಟೀನು ತೂಗುಹಾಕಲು ಇರಬೇಕು" ಎಂದರು ಆಚಾರ್ರು. ಆದರೆ ಲಾಟೀನಿನ ಕೊಕ್ಕೆ ಗಾಡಿಯ ತಳದಲ್ಲಿ ಬೇರೆಯೇ ಇತ್ತು. ಕಮಾನಿನ ನೆತ್ತಿಯಲ್ಲಿ ದೀಪ ತೂಗಿದ್ದರೆ ತಟ್ಟಿಗೆ ಹೊಗೆಯ ಕಪ್ಪು ಹಿಡಿಯಬೇಕಾಗಿತ್ತು. ಅಲ್ಲಿ ಕಪ್ಪು ಇರಲಿಲ್ಲ. "ಚೀಲ ಕಟ್ಟಲು" ಎಂದನು ತಂದೆ. ಆದರೆ ಸುಮ್ಮನೆ ತೂಗುವ ಚೀಲದಿಂದ ಬಳೆ ಒಂದೇ ಕಡೆ ಸವೆಯಬೇಕು. ಇದು ಕೆಳಭಾಗದಲ್ಲಿ ಅಗಲವಾಗಿ, ಎರಡೂ ಕಡೆಗೆ ನುಣುಪಾಗಿ ಸವೆದಿತ್ತು. ಏನೋ ಅತ್ತಿತ್ತ ತೂಗಾಡಿದ ಗುರುತು ಅದು.

ಹುಡುಗಿ ಬಳೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟಳು. ಮಬ್ಬಾದ ಕಣ್ಣುಗಳಿಗೆ ಅದು ಸರಿಯಾಗಿ ಕಾಣಲಿಲ್ಲ. ಅಜ್ಜಿ ಬೆರಳುಗಳಿಂದ ತಡವಿ ನೋಡಿದರು. ಬೆರಳು ಸವೆದ ಕಡೆಗೆ ಬಂದು ನಿಂತಿತು.

"ಅಯ್ಯೋ, ಇದು ಇನ್ನೂ ಇತ್ತೇ? ನಿಮ್ಮಪ್ಪನ್ನ ಇದರಲ್ಲೇ ತೂಗಿದ್ದು ಕಣೇ ಮಗಾ. ನನ್ನ ಸೀರೆಯ ಎರಡು ತುದಿಯನ್ನೂ ಈ ಬಳೆಗಳಿಗೆ ಕಟ್ಟಿ ಜೋಳಿಗೆ ಮಾಡ್ತಿದ್ದೆ. ಎಡೆಯೂರಿಗೆ ಹೋಗುವಾಗ ದಾರಿಯುದ್ದಕ್ಕೂ ಅಳ್ತಿದ್ದ. ಗಾಡಿ ನಿಲ್ಲಿಸಿ, ಮೂಕಿಗೆ ಕೋಲು ಕೊಟ್ಟು, ನಿಮ್ಮ ತಾತ ಹೊರಗೆ ಎತ್ತಿಗೆ ಹುಲ್ಲು ಹಾಕ್ತಿದ್ದರು. ನಾನು ಒಳಗೆ ಇವನನ್ನು ತೂಗ್ತಿದ್ದೆ. ಬಳೆ ಹಾಕಿಸಿದ್ದೂ ಅವರೇ, ನಾನು ಕೇಳಿದೆ ಅಂತ."

ತಂದೆ ಅಲ್ಲಿಯೇ ನಿಂತು ಕೇಳುತ್ತಿದ್ದನು. ಬಳೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದನು. ಅನಂತರ ಏನೂ ಹೇಳದೆ ಹಿತ್ತಿಲ ಕಡೆಗೆ ಹೋದನು. ಭಾನುವಾರ ಸೌದೆಯ ವ್ಯಾಪಾರಿ ಬಂದಾಗ ಒಣಗಿದ ತೆಂಗಿನ ಮರವೊಂದನ್ನು ತೋರಿಸಿ ಕಳುಹಿಸಿಕೊಟ್ಟನು.

ಸವೆತವು ತೂಗಾಟವನ್ನು ಹೇಳಿತು. ಜೊತೆಯ ಬಳೆಯು ಸ್ಥಾನವನ್ನು ಹೇಳಿತು. ಆದರೆ ತೂಗಿದ್ದು ಮಗುವನ್ನು ಎಂದು ಹೇಳಲು ತೂಗಿದ ಕೈಯೇ ಬೇಕಾಯಿತು. ವಸ್ತುವಿನ ಸಾಕ್ಷ್ಯವೂ ಮನುಷ್ಯನ ಸಾಕ್ಷ್ಯವೂ ಒಂದನ್ನೊಂದು ಒಪ್ಪಿದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ. ನೆನಪು ಒಮ್ಮೊಮ್ಮೆ ತಪ್ಪಬಹುದು. ಆಗ ಸವೆತ ತಿದ್ದುತ್ತದೆ. ಸವೆತ ಮೂಕವಾದಾಗ ನೆನಪು ಮಾತನಾಡುತ್ತದೆ. ಇವೆರಡರಲ್ಲಿ ಕಬ್ಬಿಣವು ಇನ್ನೂ ನೂರು ವರ್ಷ ಉಳಿಯಬಹುದು. ನೆನಪಿಗೆ ಅಷ್ಟು ಆಯುಸ್ಸಿಲ್ಲ. ಆದುದರಿಂದ ಮೊದಲು ಕೇಳಬೇಕಾದುದು ಮನುಷ್ಯರನ್ನು.

ವಸ್ತುವಿನ ಜೊತೆಗೆ ಅದರ ಹೆಸರೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಕಡಾಣಿ, ಗುಂಬ, ಹಳಿ, ಮೂಕಿ, ಬಿರಿ, ಕೀಲೆಣ್ಣೆ: ಒಂದು ಕಾಲಕ್ಕೆ ಹಳ್ಳಿಯ ಮಗುವಿಗೂ ತಿಳಿದಿದ್ದ ಈ ಮಾತುಗಳನ್ನು ಟೈರಿನ ಗಾಡಿ, ಟ್ರ್ಯಾಕ್ಟರುಗಳ ಕಾಲದಲ್ಲಿ ಆಡುವವರು ವಿರಳ. ಭಾಷೆಯೂ ಒಂದು ಗಾಡಿಯೇ. ಮಾತುಗಳು ಅದರ ಬಿಡಿಭಾಗಗಳು. ಫರ್ಡಿನೆಂಡ್ ಕಿಟ್ಟೆಲ್ ಅವರು 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ ನಿಘಂಟಿಗಾಗಿ ಸುಮಾರು 70,000 ಶಬ್ದಗಳನ್ನು ಕಲೆಹಾಕಿದರು. ಗ್ರಂಥಗಳ ಮಾತಿನೊಡನೆ ಜನರ ಬಾಯಿಯ ಮಾತಿಗೂ ಅದರಲ್ಲಿ ಸ್ಥಾನವುಂಟು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಹಳ್ಳಿಯ ಬಳಕೆಯ ವಸ್ತುಗಳನ್ನು ಕೂಡಿಸಿ ಕಾಪಾಡಿಕೊಂಡು ಬಂದಿವೆ. ಆದರೆ ಎಲ್ಲ ವಸ್ತುಗಳೂ ಸಂಗ್ರಹಾಲಯವನ್ನು ಸೇರಲಾರವು. ಪ್ರತಿಯೊಂದು ಮನೆಯ ಅಟ್ಟವೂ ಒಂದು ಸಣ್ಣ ಸಂಗ್ರಹಾಲಯವೇ.

ಹಾಗೆಂದು ಹಳೆಯದನ್ನೆಲ್ಲ ಕಣ್ಣುಮುಚ್ಚಿ ಪೂಜಿಸಬೇಕೆಂದಲ್ಲ. ಹಳೆಯ ಎತ್ತಿನ ಗಾಡಿಯಲ್ಲಿ ಕುಂದುಗಳೂ ಇದ್ದವು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಅದನ್ನು ಆಳವಾಗಿ ಅಭ್ಯಾಸ ಮಾಡಿ, ನೊಗದ ಭಾರದಿಂದ ಎತ್ತಿನ ಕೊರಳಿಗಾಗುವ ನೋವಿನ ಕಡೆಗೆ ದೇಶದ ಗಮನವನ್ನು ಸೆಳೆದರು. ಗಾಡಿಯನ್ನು ಸುಧಾರಿಸಬೇಕೆಂದು ಒತ್ತಾಯಿಸಿದರು. ಅವರಿಗೆ ಅದು ಸಾಧ್ಯವಾದದ್ದು ಗಾಡಿಯ ಯಾವ ಭಾಗ ಏತಕ್ಕಿದೆಯೆಂಬುದನ್ನು ತಿಳಿದುದರಿಂದ. ಉಳಿಸುವವನಿಗೂ ತಿದ್ದುವವನಿಗೂ ಮೊದಲು ಬೇಕಾದುದು ತಿಳಿವಳಿಕೆ. ತಿಳಿಯದೆ ಉಳಿಸಿದರೆ ಅದು ಮೂಢತನ. ತಿಳಿಯದೆ ಎಸೆದರೆ ಅದೂ ಮೂಢತನವೇ.

ಕುಕ್ಕೆಯಲ್ಲಿ ಇನ್ನೊಂದು ವಸ್ತು ಉಳಿದಿತ್ತು: ಮೂರು ತೂತುಗಳ ಹಲಗೆಯ ತುಂಡು. ಹುಡುಗಿ ಅದನ್ನು ಗಾಡಿಯ ಎಲ್ಲ ಕಡೆಗೂ ಹಿಡಿದು ನೋಡಿದಳು, ಎಲ್ಲಿಯೂ ಕೂರಲಿಲ್ಲ. ಆಚಾರ್ರು ತಿರುಗಿಸಿ ತಿರುಗಿಸಿ ನೋಡಿ ತಲೆಯಾಡಿಸಿದರು. ಅಜ್ಜಿಗೂ ನೆನಪಾಗಲಿಲ್ಲ. ಏನೋ ಒಂದು ಹೆಸರು ಕೊಟ್ಟು ಮುಗಿಸಿಬಿಡುವುದು ಸುಲಭವಾಗಿತ್ತು. ಆದರೆ ತಪ್ಪು ಹೆಸರಿಗಿಂತ ಹೆಸರಿಲ್ಲದಿರುವುದು ಮೇಲು. ತಪ್ಪು ಹೆಸರು ಬಿದ್ದ ಮೇಲೆ ಯಾರೂ ಮತ್ತೆ ಕೇಳುವುದಿಲ್ಲ.

ಆಕೆ ಆರು ಚೀಟಿಗಳನ್ನು ಸಿದ್ಧಪಡಿಸಿದಳು. ಐದರಲ್ಲಿ ವಸ್ತುವಿನ ಹೆಸರು, ಅದರ ಕೆಲಸ, ಅದನ್ನು ಹೇಳಿದವರು ಯಾರು ಎಂಬುದನ್ನು ಬರೆದಳು. ಆರನೆಯದರಲ್ಲಿ ಹೀಗೆ ಬರೆದಳು: "ಇದು ಏನೆಂದು ತಿಳಿಯದು. ತಾತನ ಕಮಾನು ಗಾಡಿಯ ಸಾಮಾನಿನ ಜೊತೆ ಅಟ್ಟದ ಮೂಲೆಯಲ್ಲಿ ಸಿಕ್ಕಿತು. ತಿಳಿದವರು ಹೇಳಬೇಕು." ಚೀಟಿಗಳನ್ನು ದಾರದಿಂದ ಒಂದೊಂದಕ್ಕೂ ಕಟ್ಟಿ, ಕುಕ್ಕೆಯನ್ನು ಅಟ್ಟದ ಮೇಲೆ ಮೊದಲಿದ್ದ ಮೂಲೆಯಲ್ಲಿಯೇ ಇಟ್ಟಳು. ಕಬ್ಬಿಣದ ಬಳೆ ಮಾತ್ರ ಅದರಲ್ಲಿ ಇರಲಿಲ್ಲ. ಅದನ್ನು ತಂದೆ ಕಮಾನಿನ ತೂತಿಗೆ ಮತ್ತೆ ಜಡಿದಿದ್ದನು. ಅದರ ಚೀಟಿ ಗಾಳಿಗೆ ಮೆಲ್ಲನೆ ತೂಗಾಡುತ್ತಿತ್ತು.